ಆಟದಲ್ಲಿ ವಾಸ್ತವತೆ: ಕೆಲವು ಮನೆಕಟ್ಟಳೆಗಳ ವಿಮರ್ಶೆ

ನಾಟಕ ಕಾದಂಬರಿಗಳ ವಿಚಾರದಲ್ಲಿ ‘ವಾಸ್ತವತೆ’ ಎಂಬ ಮಾತನ್ನು ನಮ್ಮ ವಿಮರ್ಶಕರು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಇಂಥ ಪಾತ್ರ ಲೋಕದಲ್ಲಿ ಇರುವುದುಂಟೆ, ಇಂಥ ಮಾತನ್ನು ರೈತನೊಬ್ಬ ಆಡುವುದುಂಟೆ ಎಂದು ಕೇಳಿ, ಇಲ್ಲವೆಂದು ಕಂಡರೆ ಕೃತಿಯ ಬೆಲೆಯನ್ನು ಅಷ್ಟರಮಟ್ಟಿಗೆ ಕೆಳಗಿಳಿಸುವುದು ರೂಢಿ. ಆದರೆ ಮೇಜಿನ ಸುತ್ತ ಕುಳಿತು ಮಕ್ಕಳೂ ತರುಣರೂ ಆಡುವ ಆಟವೊಂದರ ವಿಷಯದಲ್ಲಿ ಈ ಪ್ರಶ್ನೆ ಏಳಬಹುದೆಂದಾಗಲಿ, ಎದ್ದರೆ ಅದು ಸಾಹಿತ್ಯವಿಮರ್ಶೆಯ ಪ್ರಶ್ನೆಯೇ ಆಗಿರುತ್ತದೆಂದಾಗಲಿ ನಾವು ಕಳೆದ ಮಳೆಗಾಲದವರೆಗೆ ಎಣಿಸಿರಲಿಲ್ಲ. ನಮಗೆ ಇದನ್ನು ಕಲಿಸಿದ್ದು ಒಂದು ನೋಟುಪುಸ್ತಕ.

ಪುಸ್ತಕ ನಮ್ಮಲ್ಲಿ ಏಳನೆಯ ತರಗತಿ ಮುಗಿಸಿ ಹೈಸ್ಕೂಲಿಗೆ ಹೋದ ಹುಡುಗನೊಬ್ಬನದು. ಶನಿವಾರದ ಸಂಜೆ ವಾಚನಾಲಯದ ಹಿಂದಿನ ಕೋಣೆಯಲ್ಲಿ ನಾವು ನಡೆಸುವ ಆಟದ ಕೂಟಕ್ಕೆ ಅವನು ತಪ್ಪದೆ ಬರುವವನು. ಆಟದಲ್ಲಿ ನಿಜ ಸಾಲದು ಎಂಬುದು ಅವನ ದೂರು. ದೂರು ಹೇಳಿ ಸುಮ್ಮನಿರುವ ಜಾತಿಯವನಲ್ಲ. ನಲವತ್ತು ಪುಟಗಳಲ್ಲಿ ಗಾಯ, ರಕ್ತಸ್ರಾವ, ನಂಜು, ಹಸಿವು, ಹೊರೆ, ಕತ್ತಿಯ ಉದ್ದ, ಕವಚದೊಳಗಿನ ಸೆಕೆ, ಹೀಗೆ ಒಂದೊಂದಕ್ಕೂ ಕೋಷ್ಟಕ ಬರೆದು ತಂದ. ದುಂಡಗಿನ ಅಕ್ಷರ, ಕೋಷ್ಟಕಗಳಿಗೆ ಕೆಂಪು ಗೆರೆ. ಉಪಾಧ್ಯಾಯನಾದವನಿಗೆ ಇದಕ್ಕಿಂತ ಹೆಚ್ಚಿನ ಸಂತೋಷ ಯಾವುದಿದೆ? ನಾವು ಎರಡು ಮಾತಿಲ್ಲದೆ ಒಪ್ಪಿದೆವು. ಐದು ವಾರ ಕಳೆಯುವಷ್ಟರಲ್ಲಿ ಒಂಬತ್ತು ಮಂದಿಯ ಕೂಟದಲ್ಲಿ ನಾಲ್ವರು ಉಳಿದರು. ಬಿಟ್ಟುಹೋದವರಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳಿದ್ದಳು. ಅವಳ ಪಾತ್ರಕ್ಕೆ ಎರಡನೆಯ ವಾರ ಕಾಲು ಮುರಿದಿತ್ತು. ಪುಸ್ತಕದ ಪ್ರಕಾರ ಮೂಳೆ ಕೂಡಲು ನಲವತ್ತು ದಿನ. ಮೂರು ಶನಿವಾರ ಅವಳು ಬೆಂಚಿನ ತುದಿಯಲ್ಲಿ ಕುಳಿತು ಉಳಿದವರ ಆಟವನ್ನು ನೋಡಿದಳು. ಮೂರನೆಯ ಸಂಜೆ ಎದ್ದುಹೋಗುವಾಗ “ಮಾಸ್ಟ್ರೇ, ನಾನಿನ್ನು ಎಷ್ಟು ವಾರ ಮಲಗಿರಬೇಕು?” ಎಂದು ಕೇಳಿದಳು. ಉತ್ತರ ಪುಸ್ತಕದಲ್ಲಿತ್ತು, ನಮ್ಮ ಬಾಯಿಗೆ ಬರಲಿಲ್ಲ.

ಆಟದ ಪರಿಚಯವಿಲ್ಲದ ವಾಚಕರಿಗೆ ಎರಡು ಮಾತು ಹೇಳುವುದು ಅವಶ್ಯ. ಇದು ಪಾತ್ರಧಾರಣೆಯ ಆಟ. ಒಬ್ಬ ಸೂತ್ರಧಾರನಿರುತ್ತಾನೆ, ಕಾಡು, ಕೋಟೆ, ಗುಹೆ, ಅಲ್ಲಿಯ ಜನ, ಅಲ್ಲಿಯ ಅಪಾಯ ಇವನ್ನು ಮಾತಿನಿಂದ ಕಣ್ಣಮುಂದೆ ತರುವುದು ಅವನ ಕೆಲಸ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಪಾತ್ರ ಏನು ಮಾಡುತ್ತದೆಂದು ಆಟಗಾರ ಹೇಳುತ್ತಾನೆ. ಅದು ಕೈಗೂಡುವುದೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ದಾಳ ಉರುಳುತ್ತದೆ. ನಮ್ಮ ಕಡೆಯವರಿಗೆ ತಾಳಮದ್ದಳೆಯನ್ನು ನೆನಪಿಸಿದರೆ ಅರ್ಧ ತಿಳಿದಂತೆಯೇ. ವೇಷವಿಲ್ಲ, ಕುಣಿತವಿಲ್ಲ; ಕುಳಿತಲ್ಲಿಂದ ಮಾತಿನಲ್ಲೇ ಪಾತ್ರ ಏಳಬೇಕು. ಭೇದವಿಷ್ಟೆ: ತಾಳಮದ್ದಳೆಯ ಕರ್ಣ ಎಷ್ಟು ಸೊಗಸಾಗಿ ವಾದಿಸಿದರೂ ಪ್ರಸಂಗದ ಕೊನೆಗೆ ಬೀಳಲೇಬೇಕು. ಈ ಆಟದಲ್ಲಿ ಬೀಳುವನೋ ಉಳಿಯುವನೋ ಎಂಬುದು ಮುಂಚಿತವಾಗಿ ಯಾರಿಗೂ ತಿಳಿಯದು. ಅದನ್ನು ನಿರ್ಣಯಿಸುವುದಕ್ಕಾಗಿಯೇ ಕಟ್ಟಳೆಗಳು. ಅಚ್ಚಾದ ಪುಸ್ತಕದಲ್ಲಿ ಇಲ್ಲದೆ, ಕೂಟದವರು ತಮ್ಮೊಳಗೆ ಒಪ್ಪಿ ಸೇರಿಸಿಕೊಂಡ ಕಟ್ಟಳೆಯನ್ನು ನಾವಿಲ್ಲಿ ಮನೆಕಟ್ಟಳೆ ಎಂದು ಕರೆದಿದ್ದೇವೆ. ಚೆನ್ನೆಮಣೆಯನ್ನು ಒಂದು ಮನೆಯಲ್ಲಿ ಆಡುವ ಕ್ರಮದಲ್ಲಿ ನೆರೆಮನೆಯಲ್ಲಿ ಆಡುವುದಿಲ್ಲವೆಂಬುದನ್ನು ಕಂಡವರಿಗೆ ಈ ಹೆಸರು ವಿಚಿತ್ರವೆನಿಸದು.

ಈ ಆಟ ಹುಟ್ಟಿದ್ದೇ ಮನೆಕಟ್ಟಳೆಯಾಗಿ. ೧೯೬೯ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬವನು, ಸೈನ್ಯಗಳನ್ನು ನಡೆಸುವ ಯುದ್ಧದಾಟದಲ್ಲಿ ಒಬ್ಬೊಬ್ಬ ಆಟಗಾರನಿಗೆ ಒಬ್ಬೊಬ್ಬ ವ್ಯಕ್ತಿಯ ಪಾತ್ರ ಕೊಟ್ಟು ನೋಡಿದ. ಅವನ ಕೂಟದಲ್ಲಿದ್ದ ಡೇವ್ ಆರ್ನೆಸನ್ ಅದನ್ನು ೧೯೭೧ರ ಹೊತ್ತಿಗೆ ಕೋಟೆ, ನೆಲಮಾಳಿಗೆ, ಭೂತಗಳ ಕಡೆಗೆ ತಿರುಗಿಸಿದ. ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವ ಎಂಬ ಸಣ್ಣ ಪಟ್ಟಣದ ಗ್ಯಾರಿ ಗೈಗ್ಯಾಕ್ಸ್ ಅವನೊಡನೆ ಸೇರಿ ೧೯೭೪ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ. ಒಂದು ಪೆಟ್ಟಿಗೆಯಲ್ಲಿ ಮೂರು ಚಿಕ್ಕ ಪುಸ್ತಿಕೆಗಳು; ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಪುಸ್ತಿಕೆಗಳಲ್ಲಿ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದು ಹೆಚ್ಚು. ಆದುದರಿಂದ ಅದನ್ನು ಕೊಂಡ ಪ್ರತಿಯೊಂದು ಕೂಟವೂ ತನ್ನ ಕಟ್ಟಳೆಗಳನ್ನು ತಾನೇ ಹೊಸೆದುಕೊಳ್ಳಬೇಕಾಯಿತು. ೧೯೭೫ರಲ್ಲಿ ಲಾಸ್ ಏಂಜಲಿಸ್ ನಗರದ ಲೀ ಗೋಲ್ಡ್ ಎಂಬ ಮಹಿಳೆ ಇಂಥ ಬರಹಗಳಿಗಾಗಿಯೇ ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್’ ಎಂಬ ಪತ್ರಿಕೆಯನ್ನು ಆರಂಭಿಸಿದಳು. ಆಟಗಾರರು ಬರೆದ ಹಾಳೆಗಳನ್ನು ಸೈಕ್ಲೋಸ್ಟೈಲ್ ಮಾಡಿ, ಒಟ್ಟುಗೂಡಿಸಿ ಹೊಲಿದು ಹಂಚುತ್ತಿದ್ದ ಪತ್ರಿಕೆ ಅದು. ಸಂಘದ ಕಪಾಟಿನಲ್ಲಿ ಹಳೆಯ ಸಂಚಿಕೆಗಳನ್ನು ಮಗುಚಿ ಕೈಗೆ ಮಸಿ ಮಾಡಿಕೊಂಡ ನಮಗೆ, ಯಾವುದೋ ದೇಶದ ಯಾವುದೋ ಆಟದವರು ಇದೇ ಮಸಿಯಲ್ಲಿ ‘ಕತ್ತಿಯ ಪೆಟ್ಟಿಗೆ ಎಷ್ಟು ಅಂಕ’ ಎಂದು ಜಗಳವಾಡಿದರೆಂದು ತಿಳಿದಾಗ ನಗುವೂ ಬಂತು, ಬಂಧುಭಾವವೂ ಬಂತು.

ಜಗಳದ ಬೇರು ಪ್ರಾಣಾಂಕ. ಪ್ರತಿಯೊಂದು ಪಾತ್ರಕ್ಕೂ ಇಂತಿಷ್ಟು ಪ್ರಾಣಾಂಕವೆಂದು ಬರೆದಿರುತ್ತದೆ. ಪೆಟ್ಟು ಬಿದ್ದಂತೆ ಅದು ಕಳೆಯುತ್ತದೆ. ಸೊನ್ನೆಗೆ ಇಳಿದರೆ ಪಾತ್ರ ಬಿದ್ದಂತೆ. ೧೯೭೪ರ ಪುಸ್ತಿಕೆಗಳಲ್ಲಿ ಕಿರುಗತ್ತಿಯಾಗಲಿ ಭಾರಿ ಕೊಡಲಿಯಾಗಲಿ ಪೆಟ್ಟಿಗೆ ಆರು ಮುಖದ ಒಂದೇ ದಾಳ. ಆಯುಧಕ್ಕೊಂದು ದಾಳ ಬಂದದ್ದು ಮರುವರ್ಷದ ಅನುಬಂಧದಲ್ಲಿ. ಅದಕ್ಕಿಂತ ದೊಡ್ಡ ಆಕ್ಷೇಪವೆಂದರೆ, ನಲವತ್ತು ಅಂಕದ ವೀರ ಮೂವತ್ತೊಂಬತ್ತನ್ನು ಕಳೆದುಕೊಂಡ ಮೇಲೂ ಮೊದಲಿನಂತೆಯೇ ಓಡುತ್ತಾನೆ, ಮೊದಲಿನಂತೆಯೇ ಬೀಸುತ್ತಾನೆ. ನಮ್ಮ ನೋಟುಪುಸ್ತಕದ ಲೇಖಕನನ್ನು ಕೆರಳಿಸಿದ್ದು ಇದೇ. “ಮನುಷ್ಯ ಹೀಗೆ ಸಾಯುವುದಿಲ್ಲ ಮಾಸ್ಟ್ರೇ” ಎಂದು ಅವನು ಮೊದಲ ಪುಟದಲ್ಲೇ ಬರೆದಿದ್ದಾನೆ. ನಿಜ, ಮನುಷ್ಯ ಹೀಗೆ ಸಾಯುವುದಿಲ್ಲ. ಹೀಗೆ ಮುಳುಗುವುದು ಹಡಗು. ಆರ್ನೆಸನ್ನನೇ ಹೇಳಿರುವಂತೆ, ಕವಚದ ಅಂಕ ಮತ್ತು ಪ್ರಾಣಾಂಕ ಎರಡನ್ನೂ ಅವನು ತೆಗೆದುಕೊಂಡದ್ದು ಅಮೆರಿಕದ ಅಂತರ್ಯುದ್ಧದ ಕಬ್ಬಿಣ ಹೊದಿಸಿದ ಹಡಗುಗಳ ಬಗ್ಗೆ ತಾನು ಮಾಡಿದ್ದ ಒಂದು ಆಟದಿಂದ. ಅದಕ್ಕೆ ಮೊದಲು ಅವರು ಆಡುತ್ತಿದ್ದ ಕ್ರಮದಲ್ಲಿ ಒಂದು ಪೆಟ್ಟು ಬಿದ್ದರೆ ಪಾತ್ರ ಸತ್ತಂತೆಯೇ ಲೆಕ್ಕ. ಆಟಗಾರರಿಗೆ ಅದು ಹಿಡಿಸಲಿಲ್ಲ. ತಾವು ಹೆಸರಿಟ್ಟು ನಡೆಸಿದ ಪಾತ್ರ ಒಂದೇ ದಾಳಕ್ಕೆ ಹೋಗುವುದನ್ನು ಅವರು ಸಹಿಸಲಿಲ್ಲ. ಇನ್ನಷ್ಟು ಕಾಲ ಬದುಕಿ ಇನ್ನಷ್ಟು ಮಾಡಬೇಕೆಂಬುದು ಅವರ ಆಸೆ.

ಇಲ್ಲಿ ವಿಮರ್ಶಕನು ಒಂದು ಗಳಿಗೆ ನಿಲ್ಲಬೇಕು. ಪ್ರಾಣಾಂಕವನ್ನು ಅವಾಸ್ತವವೆಂದು ತೆಗಳುವವರು ಅದು ಶರೀರಶಾಸ್ತ್ರದ ತಪ್ಪು ಪಾಠವೆಂದು ಭಾವಿಸುತ್ತಾರೆ. ಅದು ಶರೀರಶಾಸ್ತ್ರದ ಪಾಠವೇ ಅಲ್ಲ; ಮಮತೆಯ ಏರ್ಪಾಡು. ಪಾತ್ರದ ಮೇಲೆ ಆಟಗಾರನಿಗೆ ಮಮತೆ ಹುಟ್ಟಿತು, ಆ ಮಮತೆಗೆ ಕಾಲಾವಕಾಶ ಬೇಕಾಯಿತು, ಅಂಕ ಬಂತು. ಸಾಹಿತ್ಯದಲ್ಲಿ ಇದರ ಸಮಾನಧರ್ಮಿಯನ್ನು ಹುಡುಕುವುದಾದರೆ ಬಹಳ ದೂರ ಹೋಗಬೇಕಿಲ್ಲ. ರಂಗದ ಮೇಲೆ ಬಾಣ ನಾಟಿದ ವೀರ ಹತ್ತು ಪದ್ಯ ಹೇಳಿ ಸಾಯುತ್ತಾನೆ. ಅವನು ಹತ್ತು ಪದ್ಯ ಹೇಳುವಷ್ಟು ಹೊತ್ತು ಬದುಕಿರುವುದು ವೈದ್ಯನ ದೃಷ್ಟಿಯಿಂದ ತಪ್ಪೆಂದು ಯಾವ ಪ್ರೇಕ್ಷಕನೂ ಎದ್ದುಹೋದದ್ದನ್ನು ನಾವು ಕಂಡಿಲ್ಲ.

ಹಾಗೆಂದು ಗೈಗ್ಯಾಕ್ಸನ ಸಮರ್ಥನೆ ಪೂರ್ಣವಾಗಿ ಒಪ್ಪತಕ್ಕದ್ದೆಂದು ನಾವು ಹೇಳಲಾರೆವು. ೧೯೭೯ರಲ್ಲಿ ಸೂತ್ರಧಾರರಿಗಾಗಿ ಅವನು ಬರೆದ ದೊಡ್ಡ ಗ್ರಂಥದಲ್ಲಿ, ಆಟಗಳಲ್ಲಿ ವಾಸ್ತವವನ್ನು ಅನುಕರಿಸುವ ಪಂಥವೊಂದು, ಆಟವನ್ನೇ ಮುಖ್ಯವೆನ್ನುವ ಪಂಥವೊಂದು ಎಂದು ಎರಡನ್ನು ಗುರುತಿಸಿ, ತಾನು ಎರಡನೆಯದರವನೆಂದು ನೇರವಾಗಿ ಸಾರುತ್ತಾನೆ. ಅಲ್ಲಿಯವರೆಗೆ ಸರಿ. ಆಮೇಲೆ ಆಕ್ಷೇಪಕ್ಕೆ ಉತ್ತರವಾಗಿ, ಪ್ರಾಣಾಂಕವೆಂದರೆ ಬರಿಯ ದೇಹಬಲವಲ್ಲ, ಯುದ್ಧಕೌಶಲ, ಅದೃಷ್ಟ, ದೈವಕೃಪೆ ಎಲ್ಲ ಅದರಲ್ಲಿ ಸೇರಿವೆ ಎನ್ನುತ್ತಾನೆ. ಹಾಗಾದರೆ ಗಾಯ ಮಾಯಿಸುವ ಮಂತ್ರವೊಂದು ಅದೇ ಅಂಕವನ್ನು ತುಂಬುವುದು ಹೇಗೆ? ಕಳೆದುಹೋದ ಅದೃಷ್ಟಕ್ಕೆ ಮುಲಾಮು ಹಚ್ಚಿದಂತಾಯಿತು. ಇನ್ನೊಂದು: ಅವನ ಕಟ್ಟಳೆಯಂತೆ ವಿಶ್ರಾಂತಿಯ ಒಂದೊಂದು ದಿನಕ್ಕೆ ಒಂದೊಂದು ಅಂಕ ಕೂಡುತ್ತದೆ. ಐದೇ ಅಂಕದ ಹೊಸಬ ಸಾವಿನ ಬಾಗಿಲಿನಿಂದ ಐದು ದಿನಗಳಲ್ಲಿ ಎದ್ದು ಬರುತ್ತಾನೆ; ಅಂಕ ಹೆಚ್ಚಾಗಿರುವ ಮಹಾವೀರ ನಾಲ್ಕು ವಾರ ಹಾಸಿಗೆಯಲ್ಲಿರುತ್ತಾನೆ. ಆಟದ ಪಂಥದವನು ಆಟದ ಮಾತನ್ನೇ ಆಡಬೇಕಿತ್ತು. ವಾಸ್ತವದ ನ್ಯಾಯಾಲಯಕ್ಕೆ ಹೋಗಿ ಸಾಕ್ಷಿ ಹೇಳಹೊರಟು ಎಡವಿದ್ದಾನೆ.

ಎದುರು ಪಂಥದವರಲ್ಲಿ ನಮಗೆ ಅತ್ಯಂತ ಗೌರವವಿರುವುದು ಸ್ಟೀವ್ ಪೆರಿನ್ನನ ಬಗ್ಗೆ. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ೧೯೬೬ರಲ್ಲಿ ಹುಟ್ಟಿದ ಮಧ್ಯಯುಗ ಪ್ರಿಯರ ಸಂಘವೊಂದರ ಸ್ಥಾಪಕರಲ್ಲಿ ಅವನೊಬ್ಬ. ಬೆತ್ತದ ಕತ್ತಿ ಹಿಡಿದು, ಕವಚ ತೊಟ್ಟು, ಹೊಡೆದು ಹೊಡೆಸಿಕೊಂಡವನು. ೧೯೭೬ರಲ್ಲಿ ಅವನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ತನ್ನ ಮನೆಕಟ್ಟಳೆಗಳನ್ನು ಬರೆದು ಹಂಚಿದ. ಎರಡು ವರ್ಷಗಳ ಮೇಲೆ, ೧೯೭೮ರಲ್ಲಿ, ಅವನೂ ಅವನ ಗೆಳೆಯರೂ ಸೇರಿ ‘ರೂನ್‌ಕ್ವೆಸ್ಟ್’ ಎಂಬ ಬೇರೆಯ ಆಟವನ್ನೇ ತಂದರು. ಇದರಲ್ಲಿ ಪೆಟ್ಟು ಬಿದ್ದರೆ ಎಲ್ಲಿಗೆ ಬಿತ್ತೆಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ: ಕಾಲೋ, ಹೊಟ್ಟೆಯೋ, ತೋಳೋ, ತಲೆಯೋ. ಒಂದೊಂದು ಅಂಗಕ್ಕೂ ಅದರದೇ ಪ್ರಾಣಾಂಕ. ಮೊದಲಿನ ಆಟದಲ್ಲಿ ಕವಚ ತೊಟ್ಟವನಿಗೆ ಪೆಟ್ಟು ತಾಕುವುದೇ ಕಷ್ಟ. ಇಲ್ಲಿ ಪೆಟ್ಟು ತಾಕುತ್ತದೆ, ಅದರ ಬಲವನ್ನು ಕವಚ ಕುಗ್ಗಿಸುತ್ತದೆ. ವಿದ್ಯೆ ಬೆಳೆಯುವುದು ಬಳಕೆಯಿಂದ; ಈಜಿದವನಿಗೆ ಈಜು, ಬಿಲ್ಲು ಹಿಡಿದವನಿಗೆ ಬಿಲ್ಲು.

ಈ ಆಟವನ್ನು ನಾವು ಒಂದು ರಜೆಯಲ್ಲಿ ಆಡಿಸಿ ನೋಡಿದ್ದೇವೆ. ಎರಡನೆಯ ಸಂಜೆಯಿಂದಲೇ ಹುಡುಗರ ನಡೆನುಡಿ ಬದಲಾಯಿತು. ದಾರಿಯಲ್ಲಿ ಕಳ್ಳರು ಅಡ್ಡ ಬಂದರೆ ಮೊದಲಿನಂತೆ ‘ಹೊಡೆಯಿರಿ’ ಎಂದು ಎಗರುವುದಿಲ್ಲ. ಎಷ್ಟು ಮಂದಿ, ಮಾತಾಡಿಸಬಹುದೆ, ಹಿಂದಿರುಗಲು ದಾರಿಯಿದೆಯೆ ಎಂದು ಕೇಳುತ್ತಾರೆ. ಒಂದು ತೋಳು ಕೆಟ್ಟರೆ ಡಾಲು ಬೀಳುತ್ತದೆಂದು ತಿಳಿದವನು ಡಾಲನ್ನು ನೋಡುವ ನೋಟವೇ ಬೇರೆ. ಪೆರಿನ್ನನ ಕಟ್ಟಳೆಗಳಿಂದ ದೊರೆತ ವಾಸ್ತವತೆ ಪೆಟ್ಟಿನ ವಾಸ್ತವತೆಯಲ್ಲ, ಭಯದ ವಾಸ್ತವತೆ. ಪುಸ್ತಕದ ಪುಟದಲ್ಲಿ ಅದು ಕಾಣುವುದಿಲ್ಲ. ಆಡುವವನ ಮುಖದಲ್ಲಿ ಕಾಣುತ್ತದೆ. ಹೀಗಿರಲು, ಒಂದು ಕಟ್ಟಳೆ ಲೋಕವನ್ನು ಹೋಲುತ್ತದೆಯೆ ಎಂಬುದು ವಿಮರ್ಶಕನ ಮೊದಲ ಪ್ರಶ್ನೆಯಾಗಕೂಡದು. ಅದು ಪಾತ್ರದ ಮುಂದೆ ಯೋಚಿಸತಕ್ಕ ಒಂದು ಆಯ್ಕೆಯನ್ನು ಇರಿಸುತ್ತದೆಯೆ, ಇಲ್ಲವೆ ಇದ್ದ ಆಯ್ಕೆಯನ್ನು ಕಸಿದುಕೊಳ್ಳುತ್ತದೆಯೆ ಎಂದು ಕೇಳಬೇಕು.

ಈ ಒರೆಗಲ್ಲಿಗೆ ನಮ್ಮ ನೋಟುಪುಸ್ತಕವನ್ನು ಉಜ್ಜಿದಾಗ ಮೊದಲು ಸವೆದದ್ದು ‘ಮರ್ಮಾಘಾತ’ದ ಕೋಷ್ಟಕ. ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತೇ ಬಿದ್ದರೆ ಅದು ಮರ್ಮಾಘಾತ. ಆಗ ಹತ್ತು ಮುಖದ ಇನ್ನೊಂದು ದಾಳ. ಅದರಲ್ಲಿ ಹತ್ತು ಬಿದ್ದರೆ ತಲೆ ಹಾರಿತು. ಹುಡುಗರಿಗೆ ಇದು ಅತ್ಯಂತ ಪ್ರಿಯವಾದ ಕೋಷ್ಟಕ. ಶತ್ರುವಿನ ತಲೆ ಹಾರಿದ ದಿನ ಕೋಣೆಯ ಹೆಂಚು ಹಾರುವಂತೆ ಕೂಗಿದ್ದರು. ಆದರೆ ಲೆಕ್ಕ ಮಾಡಿ ನೋಡೋಣ. ಗಣಿತದ ಪಿರಿಯಡ್ಡಿಗೂ ಇದು ತಕ್ಕ ಉದಾಹರಣೆ. ಒಂದು ಪೆಟ್ಟಿಗೆ ತಲೆ ಹಾರುವ ಸಂಭವ ಇನ್ನೂರರಲ್ಲಿ ಒಂದು. ಒಂದು ಸಂಜೆಯಲ್ಲಿ ಒಂದು ಪಾತ್ರದ ಮೇಲೆ ಶತ್ರುಗಳು ನಲವತ್ತು ಸಲ ದಾಳ ಎಸೆದರೆ ಆ ಪಾತ್ರ ಹೀಗೆ ಸಾಯುವ ಸಂಭವ ನೂರಕ್ಕೆ ಸುಮಾರು ೧೮. ಹತ್ತು ಸಂಜೆಗಳಲ್ಲಿ ಅದು ನೂರಕ್ಕೆ ಸುಮಾರು ೮೬. ಶತ್ರುವಾದರೋ ಒಂದು ಸಂಜೆಗೆ ಬಂದು ಹೋಗುವವನು. ಅವನಿಗೆ ಈ ಕೋಷ್ಟಕದ ಭಯವಿಲ್ಲ. ಪ್ರತಿ ಶನಿವಾರ ಬರುವವನು ಆಟಗಾರ; ಬೆಲೆ ತೆರುವವನೂ ಅವನೇ. ಗೈಗ್ಯಾಕ್ಸ್ ತನ್ನ ೧೯೭೯ರ ಗ್ರಂಥದಲ್ಲಿ ಇಂಥ ಕಟ್ಟಳೆಗಳನ್ನು ಬೇಡವೆಂದದ್ದು ಇದೇ ಕಾರಣಕ್ಕಾಗಿ: ಎರಡು ಕಡೆಗೂ ಒಂದೇ ನ್ಯಾಯವಿಟ್ಟರೆ ಆಟಗಾರರ ಪಾತ್ರಗಳು ಬೇಗ ಸಾಯುತ್ತವೆ. ಈ ಮಾತಿನಲ್ಲಿ ಅವನು ಗೆದ್ದಿದ್ದಾನೆಂದು ನಾವು ಒಪ್ಪುತ್ತೇವೆ. ಇದಕ್ಕಿಂತ ಮುಖ್ಯವಾದುದು, ಮರ್ಮಾಘಾತದಿಂದ ಸಾಯುವವನು ಮಾಡಬಹುದಾದದ್ದು ಏನೂ ಇಲ್ಲ. ಎಚ್ಚರದಿಂದಿದ್ದವನೂ ಸಾಯುತ್ತಾನೆ, ಎಚ್ಚರವಿಲ್ಲದವನೂ ಸಾಯುತ್ತಾನೆ. ಲೋಕದಲ್ಲಿ ಹಾಗೆಯೇ ಅಲ್ಲವೆ ಎಂದರೆ, ಹೌದು, ಹಾಗೆಯೇ. ಆದುದರಿಂದಲೇ ಲೋಕದ ಸಾವುಗಳೆಲ್ಲ ಕಥೆಗಳಾಗುವುದಿಲ್ಲ. ೧೯೮೦ರಲ್ಲಿ ‘ಆರ್ಮ್ಸ್ ಲಾ’ ಎಂಬ ಒಂದು ಗ್ರಂಥ, ಯಾವ ಆಟಕ್ಕಾದರೂ ಜೋಡಿಸಿಕೊಳ್ಳಬಹುದೆಂದು, ಒಂದೊಂದು ಆಯುಧಕ್ಕೂ ಇಪ್ಪತ್ತು ಬಗೆಯ ಕವಚಗಳೆದುರಿಗೆ ಒಂದೊಂದು ಕೋಷ್ಟಕವನ್ನು ಕೊಟ್ಟಿತು. ಓದಲು ಅದು ಬಲು ಸ್ವಾರಸ್ಯವಾಗಿದೆ. ಆಡಿಸುವವನಿಗೆ ಪುಟ ಮಗುಚುವುದೇ ಯುದ್ಧವಾದೀತು.

ಇದಕ್ಕೆ ವಿರುದ್ಧವಾದ ಉದಾಹರಣೆ ದೀವಟಿಗೆ. ಆಟದ ಹಳೆಯ ಪುಸ್ತಕಗಳಲ್ಲಿ ದೀವಟಿಗೆ ಒಂದು ಗಂಟೆ ಉರಿಯುತ್ತದೆಂದು ಬರೆದಿದೆ. ಹೊರೆಯನ್ನು ಚಿನ್ನದ ನಾಣ್ಯಗಳ ತೂಕದಲ್ಲಿ ಎಣಿಸಬೇಕೆಂದೂ ಇದೆ; ಮುಂದಿನ ಗ್ರಂಥಗಳಲ್ಲಿ ಒಂದು ಪೌಂಡಿಗೆ ಹತ್ತು ನಾಣ್ಯವೆಂಬ ಲೆಕ್ಕ. ಕತ್ತಿಯ ತೂಕವನ್ನು ನಾಣ್ಯದಲ್ಲಿ ಹೇಳುವುದು ಮೊದಲು ನಮಗೆ ಹಾಸ್ಯಾಸ್ಪದವೆನಿಸಿತ್ತು. ಯೋಚಿಸಿದಾಗ ಅದರ ಜಾಣತನ ತಿಳಿಯಿತು. ಒಳಗೆ ಹೊತ್ತುಕೊಂಡು ಹೋಗುವ ಪ್ರತಿಯೊಂದು ದೀವಟಿಗೆಯೂ ಹೊರಗೆ ಹೊತ್ತು ತರಲಾಗದೆ ಬಿಟ್ಟುಬರುವ ಇಷ್ಟು ಚಿನ್ನ ಎಂದು ಆಟಗಾರನಿಗೆ ಕೂಡಲೆ ಕಾಣುತ್ತದೆ. ಬೆಳಕು ಬೇಕೆ, ಹೊನ್ನು ಬೇಕೆ? ಲೋಕದ ತಕ್ಕಡಿಯನ್ನು ಹೋಲದ ಈ ತಕ್ಕಡಿ ಆಡುವವರ ನಡುವೆ ನಿಜವಾದ ಚರ್ಚೆಯನ್ನು ಹುಟ್ಟಿಸುತ್ತದೆ. ನಮ್ಮ ಹುಡುಗ ಇದನ್ನು ತಿದ್ದಿ ಕಿಲೋ, ಗ್ರಾಂ ಹಾಕಿ, ನಡಿಗೆಯ ವೇಗಕ್ಕೆ ಭಾಗಾಕಾರ ಇಟ್ಟಿದ್ದ. ತಪ್ಪಿಲ್ಲದ ಲೆಕ್ಕ; ಒಬ್ಬರೂ ಮಾಡಲಿಲ್ಲ.

ಹೊರೆಯ ಮಾತು ಬಂದುದರಿಂದ ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. ಕೋಷ್ಟಕದಂತೆ ಐವತ್ತು ಕಿಲೋ ಹೊತ್ತ ಪಾತ್ರ ಗುಡ್ಡ ಇಳಿಯಲಾರದೆಂದು ನಾವು ತೀರ್ಪು ಕೊಟ್ಟಿದ್ದೆವು. ಅಷ್ಟರವರೆಗೆ ಹೆಚ್ಚು ಮಾತಾಡದಿದ್ದ ಹುಡುಗನೊಬ್ಬ, ಅವನ ತಂದೆ ಅಡಿಕೆಯ ಮೂಟೆ ಹೊರುವವರು, “ಇಳಿಯುತ್ತಾರೆ ಮಾಸ್ಟ್ರೇ. ಓಡಲಿಕ್ಕಾಗುವುದಿಲ್ಲ. ಒಮ್ಮೆ ಕೆಳಗಿಟ್ಟರೆ ಒಬ್ಬರೇ ಎತ್ತಲಿಕ್ಕಾಗುವುದಿಲ್ಲ, ಅಷ್ಟೆ” ಎಂದ. ಕೋಷ್ಟಕದ ಯಾವ ಮೂಲೆಯಲ್ಲೂ ಇಲ್ಲದ ಸತ್ಯವಿದು. ಇಳಿಯಬಹುದು, ಆದರೆ ಇಳಿಸಬಾರದು. ಆ ಸಂಜೆಯ ಉಳಿದ ಆಟವೆಲ್ಲ ಮೂಟೆಯನ್ನು ನೆಲಕ್ಕಿಡದೆ ಹೇಗೆ ಕಾಪಾಡುವುದೆಂಬ ಒಂದೇ ಚಿಂತೆಯಲ್ಲಿ ಸಾಗಿತು. ಅಷ್ಟು ಚೆನ್ನಾಗಿ ನಮ್ಮ ಕೂಟ ಹಿಂದೆ ಆಡಿದ್ದಿಲ್ಲ.

ಈ ಹುಡುಗನ ಮಾತಿನ ಹಿಂದೆ ಒಂದು ಹಳೆಯ ವಿವಾದವಿದೆ. ಪ್ರಷ್ಯದ ಫಿರಂಗಿದಳದ ತರುಣ ಅಧಿಕಾರಿ ರೈಸ್‌ವಿಟ್ಸ್ ೧೮೨೪ರಲ್ಲಿ ಸೈನ್ಯಾಧಿಕಾರಿಗಳ ಶಿಕ್ಷಣಕ್ಕಾಗಿ ಒಂದು ಯುದ್ಧದಾಟವನ್ನು ಪ್ರಕಟಿಸಿದ. ಎಂಟು ಸಾವಿರಕ್ಕೆ ಒಂದರ ಪ್ರಮಾಣದ ನಕ್ಷೆ, ಎರಡು ನಿಮಿಷಕ್ಕೊಂದು ಸರದಿ, ಗುಂಡೇಟಿನ ಪರಿಣಾಮಕ್ಕೆ ದಾಳ ಮತ್ತು ಕೋಷ್ಟಕ, ನಡುವೆ ಒಬ್ಬ ನಿರ್ಣಾಯಕ. ಪ್ರಷ್ಯದ ಸೇನಾಮುಖ್ಯರು ಅದನ್ನು ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದರು. ಐವತ್ತು ವರ್ಷಗಳಲ್ಲಿ ಕೋಷ್ಟಕಗಳು ಬೆಳೆದವು, ಆಡುವುದು ಕಷ್ಟವಾಯಿತು, ನಿರ್ಣಾಯಕನ ಕೈಕಟ್ಟಿದಂತಾಯಿತೆಂದು ಮೆಕೆಲ್ ಎಂಬ ಅಧಿಕಾರಿ ದೂರಿದ. ೧೮೭೬ರಲ್ಲಿ ವೆರ್ಡಿ ದು ವೆರ್ನುವಾ ಎಂಬವನು ಕೋಷ್ಟಕವೂ ಬೇಡ, ದಾಳವೂ ಬೇಡ, ಅನುಭವಸ್ಥನಾದ ನಿರ್ಣಾಯಕನ ಮಾತೇ ಸಾಕೆಂದು ಬರೆದ. ಅವನು ಹಾಗೆ ಬರೆಯಬಲ್ಲವನಾಗಿದ್ದ. ೧೮೭೦-೭೧ರ ಫ್ರಾನ್ಸಿನ ಯುದ್ಧದಲ್ಲಿ ಸೇನಾಪತಿ ಮೋಲ್ಟ್‌ಕೆಯ ಬಳಿಯಲ್ಲಿದ್ದು ಎಲ್ಲವನ್ನೂ ಕಂಡಿದ್ದವನಲ್ಲವೆ?

ಕೋಷ್ಟಕವನ್ನು ಹಳಿಯುವವರು ಇದನ್ನು ಮರೆಯುತ್ತಾರೆ. ಕೋಷ್ಟಕವೆಂಬುದು ಕಡ ತಂದ ಅನುಭವ. ಯುದ್ಧ ಕಾಣದ ತರುಣನಿಗೆ ಯುದ್ಧ ಕಂಡವರ ಲೆಕ್ಕವನ್ನು ಅದು ಒದಗಿಸುತ್ತದೆ. ನಮಗೆ ಕತ್ತಿಯ ಅನುಭವವಿಲ್ಲ, ಕುದುರೆ ಹತ್ತಿದವರಲ್ಲ, ಹಿಮದಲ್ಲಿ ನಡೆದವರಲ್ಲ. ಅಲ್ಲಿ ಪೆರಿನ್ನನ ಕೈಬರಹ ನಮಗೆ ಬೇಕು. ಆದರೆ ಹೊರೆ, ಕೆಸರು, ಉಕ್ಕುವ ಹೊಳೆ, ಒದ್ದೆ ಸೌದೆ, ತೆಂಗಿನ ಗರಿಯ ಸೂಟೆ ಗಾಳಿಗೆ ಎಷ್ಟು ಬೇಗ ಉರಿದುಹೋಗುತ್ತದೆಂಬುದು, ಇವನ್ನು ನಮ್ಮ ಬೆಂಚಿನಲ್ಲಿ ಕುಳಿತವರು ಬಲ್ಲರು. ತಮ್ಮಲ್ಲಿರುವುದನ್ನು ಕಡ ತರುವುದು ಏಕೆ? ವಾಸ್ತವತೆಯ ಹೆಸರಿನಲ್ಲಿ ನಲವತ್ತು ಪುಟ ಬರೆದ ನಮ್ಮ ಹುಡುಗ ಕೆಸರಿನ ಬಗ್ಗೆ ಒಂದು ಸಾಲೂ ಬರೆದಿಲ್ಲ. ಅವನ ವಾಸ್ತವವೆಲ್ಲ ಬೇರೆಯವರ ಪುಸ್ತಕಗಳ ವಾಸ್ತವ. ಇದು ಅವನೊಬ್ಬನ ದೋಷ ಎನ್ನುವಂತಿಲ್ಲ. ಕನ್ನಡದಲ್ಲಿ ವಾಸ್ತವತೆಯನ್ನು ಕುರಿತು ಬರೆದ ಲೇಖನಗಳಲ್ಲಿಯೂ ಈ ಗುಣ ಅಲ್ಲಲ್ಲಿ ಕಂಡುಬರುತ್ತದೆ.

ಭರತನ ನಾಟ್ಯಶಾಸ್ತ್ರ ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡನ್ನು ಹೇಳುತ್ತದೆ. ಲೋಕ ನಡೆಯುವಂತೆ ನಡೆಯುವುದು ಒಂದು. ರಂಗದವರೂ ಪ್ರೇಕ್ಷಕರೂ ಒಪ್ಪಿಕೊಂಡ ಕ್ರಮದಲ್ಲಿ ನಡೆಯುವುದು ಇನ್ನೊಂದು. ಪಕ್ಕದಲ್ಲಿ ನಿಂತವನು ಆಡಿದ ಮಾತು ಕೇಳಿಸದಂತೆ ಇರುವುದು ನಾಟ್ಯಧರ್ಮಿ. ರಂಗದಲ್ಲಿ ಒಂದು ಸುತ್ತು ಬಂದರೆ ಊರು ದಾಟಿದಂತೆ ಎಂಬುದೂ ಇದೇ ಬಗೆಯ ಒಪ್ಪಂದ. ಒಂದು ಮೇಲು, ಒಂದು ಕೀಳು ಎಂದು ಭರತ ಹೇಳುವುದಿಲ್ಲ. ಪ್ರಾಣಾಂಕ ನಾಟ್ಯಧರ್ಮಿ, ದೀವಟಿಗೆಯ ಗಂಟೆ ಲೋಕಧರ್ಮಿ. ಎರಡೂ ಒಂದೇ ಮೇಜಿನ ಮೇಲೆ ಇರಬಹುದು. ಒಂದನ್ನು ಇನ್ನೊಂದರ ನ್ಯಾಯಕ್ಕೆ ಒಳಪಡಿಸಿದಾಗ ಮಾತ್ರ ಆಭಾಸ.

ಇನ್ನು ಹುಡುಗಿಯ ಮುರಿದ ಕಾಲು. ಮೂಳೆ ಕೂಡಲು ನಲವತ್ತು ದಿನವೆಂಬುದು ಲೋಕಕ್ಕೆ ಸಮ್ಮತವಾದ ಮಾತೇ. ಎಡವಿದ್ದು ಎಲ್ಲಿ? ನಮ್ಮ ಹುಡುಗ ಆ ನಲವತ್ತು ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿದ್ದ, ನಾವೂ ಹೂಂಗುಟ್ಟಿದ್ದೆವು. ಇದಕ್ಕೆ ಆಧಾರವಿಲ್ಲದಿಲ್ಲ. ಆಟವಿಲ್ಲದ ದಿನಗಳಲ್ಲಿ ಹೊರಗೆ ಒಂದು ದಿನ ಕಳೆದರೆ ಒಳಗೂ ಒಂದು ದಿನ ಕಳೆಯಲೆಂದು ೧೯೭೯ರ ಗ್ರಂಥವೇ ಸೂಚಿಸುತ್ತದೆ. ಆದರೆ ಆ ಸೂಚನೆ ಬಂದದ್ದು ಹತ್ತಾರು ಮಂದಿ ಬಂದುಹೋಗುವ, ಒಬ್ಬೊಬ್ಬನು ಎರಡು ಮೂರು ಪಾತ್ರಗಳನ್ನು ಇಟ್ಟುಕೊಳ್ಳುವ ದೊಡ್ಡ ಕೂಟಗಳ ಅನುಭವದಿಂದ. ಅಲ್ಲಿ ಒಂದು ಪಾತ್ರ ಮಲಗಿದರೆ ಆಟಗಾರ ಇನ್ನೊಂದನ್ನು ಎಬ್ಬಿಸುತ್ತಾನೆ. ನಮ್ಮ ಹುಡುಗಿಗೆ ಇದ್ದದ್ದು ಒಂದೇ ಪಾತ್ರ. ಬೇರೆ ಮನೆಯ ಕಟ್ಟಳೆಯನ್ನು ನಮ್ಮ ಮನೆಗೆ ತಂದು, ಅದು ನಿಜವೆಂಬ ಒಂದೇ ಕಾರಣಕ್ಕಾಗಿ, ಮಗುವೊಂದನ್ನು ಬೆಂಚಿನ ತುದಿಯಲ್ಲಿ ಕೂರಿಸಿದೆವು.

ಗ್ರೆಗ್ ಸ್ಟಾಫರ್ಡ್ ಎಂಬವನು ೧೯೮೫ರಲ್ಲಿ ಆರ್ಥರ್ ರಾಜನ ಕಥೆಗಳನ್ನಾಧರಿಸಿ ಮಾಡಿದ ‘ಪೆಂಡ್ರ್ಯಾಗನ್’ ಎಂಬ ಆಟವನ್ನು ಆಮೇಲೆ ಓದಿದಾಗ ನಮಗೆ ನಮ್ಮ ತಪ್ಪು ಪೂರ್ತಿ ಕಂಡಿತು. ರೂನ್‌ಕ್ವೆಸ್ಟಿನ ಲೋಕವನ್ನು ಕಲ್ಪಿಸಿದವನೂ ಇವನೇ. ಪೆಂಡ್ರ್ಯಾಗನ್ನಿನಲ್ಲಿ ಸಾಮಾನ್ಯವಾಗಿ ವರ್ಷಕ್ಕೊಂದು ಸಾಹಸ; ಆಮೇಲೆ ಚಳಿಗಾಲ. ಚಳಿಗಾಲದಲ್ಲಿ ಎಲ್ಲ ಪಾತ್ರಗಳೂ ತಂತಮ್ಮ ಮನೆಯಲ್ಲಿರುತ್ತವೆ. ಬೆಳೆ ಬಂತೆ, ಮದುವೆಯಾಯಿತೆ, ಮಗು ಹುಟ್ಟಿತೆ, ಕುದುರೆ ಉಳಿಯಿತೆ, ವಯಸ್ಸು ಏರಿ ಮೈ ಕುಗ್ಗಿತೆ ಎಂದು ದಾಳ ಹೇಳುತ್ತದೆ. ಕರುಣೆ ಕ್ರೌರ್ಯ, ಔದಾರ್ಯ ಸ್ವಾರ್ಥ ಇವು ಜೋಡಿಜೋಡಿಯಾಗಿ ಪಾತ್ರದ ಹಾಳೆಯಲ್ಲಿ ಬರೆದಿರುತ್ತವೆ. ಒಂದು ಏರಿದರೆ ಇನ್ನೊಂದು ಇಳಿಯಬೇಕು, ಎರಡೂ ಸೇರಿ ಯಾವಾಗಲೂ ಇಪ್ಪತ್ತು. ಇಷ್ಟೊಂದು ಲೋಕಧರ್ಮಿಯಾದ ಆಟವನ್ನು ನಾವು ಬೇರೆ ಕಂಡಿಲ್ಲ. ಆದರೆ ಗಾಯ ಮಾಯಲು ತಿಂಗಳುಗಳು ಬೇಕಾದರೂ ಯಾವ ಆಟಗಾರನಿಗೂ ಒಂದು ಸಂಜೆ ನಷ್ಟವಾಗುವುದಿಲ್ಲ. ಕಾಲ ಎಲ್ಲರಿಗೂ ಒಟ್ಟಿಗೆ ಕಳೆಯುತ್ತದೆ. ನಲವತ್ತು ದಿನವನ್ನು ಕಡಿಮೆ ಮಾಡಬೇಕಾಗಿರಲಿಲ್ಲ. ಅದನ್ನು ಅವಳೊಬ್ಬಳ ಮೇಲೆ ಹೊರಿಸಬಾರದಿತ್ತು.

ಈ ಮಾತುಗಳನ್ನು ನೋಟುಪುಸ್ತಕದ ಲೇಖಕನಿಗೆ ಹೇಳಿದೆವು. ಅವನ ಮುಖ ಸಪ್ಪಗಾಯಿತು. ಮರ್ಮಾಘಾತದ ಪುಟವನ್ನು ಹರಿಯಲು ಒಪ್ಪಲಿಲ್ಲ. ಎರಡು ಪುಟಗಳನ್ನು ಅಂಟಿಸಿ ಮುಚ್ಚಿದ್ದಾನೆ, ಅಷ್ಟೆ. ಹೊರೆಯ ಭಾಗಾಕಾರವನ್ನು ಹೊಡೆದುಹಾಕಿ, ಅದರ ಬದಿಯಲ್ಲಿ ಮೂಟೆ ಹೊರುವವರ ಮಗನ ಮಾತನ್ನು ಅವನ ಹೆಸರು ಸಹಿತ ಬರೆದುಕೊಂಡಿದ್ದಾನೆ. ಎರಡು ವಾರ ಬಿಟ್ಟು ಹೊಸದೊಂದು ಪುಟ ತಂದ. ತಲೆಬರಹ ‘ಆಟಿ ತಿಂಗಳು’. ಸ್ಟಾಫರ್ಡನ ಚಳಿಗಾಲ ನಮ್ಮಲ್ಲಿಲ್ಲ, ಆಟಿಯ ಮಳೆಯಿದೆ. ಮಳೆಗೆ ಹೊಳೆ ತುಂಬಿ ದಾರಿ ಮುಚ್ಚುತ್ತದೆ, ಪಾತ್ರಗಳೆಲ್ಲ ಒಳಗೇ ಉಳಿಯುತ್ತವೆ, ಗಾಯಗಳು ಮಾಯುತ್ತವೆ. ಪುಟದಲ್ಲಿ ಕೋಷ್ಟಕವಿಲ್ಲ. ‘ಆಟಿಯಲ್ಲಿ ನಿಮ್ಮ ಪಾತ್ರ ಏನು ಮಾಡಿತು?’ ಎಂಬ ಒಂದು ಪ್ರಶ್ನೆ. ಕೆಳಗೆ ಬರೆಯಲು ಹತ್ತು ಗೆರೆ.

ಹುಡುಗಿಗೆ ಹೇಳಿ ಕಳುಹಿಸಿದೆವು. ಕಳೆದ ಶನಿವಾರ ಬಂದಿದ್ದಳು. ಹತ್ತು ಗೆರೆ ಸಾಲದೆ ಹಾಳೆಯ ಬೆನ್ನಿಗೂ ಬರೆದಿದ್ದಾಳೆ. ಕಾಲು ಕಟ್ಟಿಕೊಂಡು ಜಗಲಿಯಲ್ಲಿ ಮಲಗಿದ್ದ ಅವಳ ಪಾತ್ರ, ಮಳೆಗೆ ಸೂರಿನ ಕೆಳಗೆ ನಿಂತವರ ಮಾತು ಕೇಳುತ್ತ ಕೇಳುತ್ತ, ಕಳ್ಳರು ಹೊಳೆಯಾಚೆ ಎಲ್ಲಿ ಅಡಗಿದ್ದಾರೆಂಬುದನ್ನು ತಿಳಿದುಕೊಂಡಿತಂತೆ. ಅಲ್ಲಿ ಒಂದು ಗುಹೆಯಿದೆಯಂತೆ. ಮುಂದಿನ ಶನಿವಾರದೊಳಗೆ ನಾವು ಆ ಗುಹೆಯನ್ನು ಸಿದ್ಧಪಡಿಸಬೇಕಾಗಿದೆ.